ಪಾರ್ಕಿಂಗ್ ಹೋದರೆ ವ್ಯಾಪಾರವೂ ಹೋಗುತ್ತದಾ?

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರದ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ. ಮಾವನವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಬಸ್ ಸ್ಟ್ಯಾಂಡಿನಿಂದ ಹಳೇ ಮಾರ್ಕೆಟ್‌ವರೆಗಿನ ಈ 60 ಅಡಿ ರಸ್ತೆಯನ್ನು ಪಾಲಿಕೆಯವರು ಹೊಸದಾಗಿ ಮಾಡುತ್ತಾರಂತೆ. ಫುಟ್‌ಪಾತ್ ಅಗಲ ಮಾಡಿ, ಗ್ರಾನೈಟ್ ಹಾಕಿ, ಅಂಗಡಿ ಮುಂದಿನ ಪಾರ್ಕಿಂಗ್ ಕಡಿಮೆ ಮಾಡುತ್ತಾರಂತೆ. ನಮ್ಮ ವರ್ತಕರ ಸಂಘದಲ್ಲಿ ಹೆಚ್ಚಿನವರು ಬೇಡ ಅನ್ನುತ್ತಿದ್ದಾರೆ. ನನಗೆ ಎರಡು ಮನಸ್ಸು. ಈಗಿನ ಫುಟ್‌ಪಾತಿನಲ್ಲಿ ನಾನೇ ಎರಡು ಸಲ ಎಡವಿದ್ದೇನೆ. ಆದರೆ ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂದರೆ ಗಿರಾಕಿ ಬರುತ್ತಾರಾ? ಮುಂದಿನ ತಿಂಗಳು ಪಾಲಿಕೆ ಸಭೆ ಕರೆದಿದೆ. ಅಲ್ಲಿ ಏನು ಕೇಳಬೇಕು, ಏನು ಒಪ್ಪಬೇಕು?

ಉತ್ತರ: ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ಪಾತ್ರೆ ಅಂಗಡಿ ಅಂದರೆ ಹಿತ್ತಾಳೆ ಹಂಡೆ, ದೊಡ್ಡ ಕುಕ್ಕರ್, ಮದುವೆಗೆ ಕೊಡುವ ಸ್ಟೀಲ್ ಸಾಮಾನು. ಅದನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆಯಿರಿ ಎಂದು ಯಾರಿಗೂ ಹೇಳಲಾಗದು. ಹಾಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯೋಜನೆ ಬೇಕು ಅನ್ನಿ. ಆದರೆ ಗ್ರಾನೈಟಿನ ಬಣ್ಣದ ಚಿತ್ರ ನೋಡಿ ಒಪ್ಪಬೇಡಿ. ನಕ್ಷೆ ಬಿಚ್ಚಿಸಿ, ಅಳತೆ ಕೇಳಿ. ಬೀದಿ ಕೆಲಸ ಗೆಲ್ಲುವುದೂ ಸೋಲುವುದೂ ಅಳತೆಯಲ್ಲಿ.

ಮೊದಲು ಪಾರ್ಕಿಂಗ್ ವಿಚಾರ. ನಿಮ್ಮ ಅಂಗಡಿಯ ಮುಂಭಾಗ ಎಷ್ಟಿದೆ? ಹಳೇ ಪೇಟೆಗಳಲ್ಲಿ ಸಾಮಾನ್ಯವಾಗಿ 12ರಿಂದ 15 ಅಡಿ. ನಮ್ಮಲ್ಲಿ ಜಾಸ್ತಿ ಓಡುವ ಸಣ್ಣ ಕಾರುಗಳು 4 ಮೀಟರಿನೊಳಗಿನವು, ಅಂದರೆ ಸುಮಾರು 13 ಅಡಿ. ಅಂಥ ಒಂದು ಕಾರು ಬೀದಿಯುದ್ದಕ್ಕೆ ನಿಂತರೆ ನಿಮ್ಮ ಅಂಗಡಿ ಪೂರ್ತಿ ಮುಚ್ಚಿಹೋಗುತ್ತದೆ. ಎದುರು ಬದಿಯಲ್ಲಿ ನಡೆಯುವವರಿಗೆ ನಿಮ್ಮ ಹೊಳೆಯುವ ಪಾತ್ರೆ ಕಾಣುವುದಿಲ್ಲ, ಯಾರದೋ ಕಾರಿನ ಬಾಗಿಲು ಕಾಣುತ್ತದೆ. ಆ ಕಾರಿನವರು 20 ನಿಮಿಷದಲ್ಲಿ ಹೋದರೆ ಪರವಾಗಿಲ್ಲ. ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಅದೇ ಜಾಗದಲ್ಲಿ 30 ಜನ ಗಿರಾಕಿಗಳು ಒಬ್ಬರಾದ ಮೇಲೆ ಒಬ್ಬರು ಬಂದು ಹೋಗಬಹುದು. ಆದರೆ ಬೆಳಿಗ್ಗೆ ಬಂದು ನಿಂತ ಕಾರು ಸಂಜೆವರೆಗೂ ಕದಲದಿದ್ದರೆ ಆ 30 ಜನರ ಜಾಗವನ್ನು ಒಬ್ಬರೇ ತಿಂದಂತೆ.

ಆ ಒಬ್ಬರು ಯಾರು? ನಾನು ಬೀದಿ ವಿನ್ಯಾಸದ ಕೆಲಸ ಮಾಡಿದ ಪೇಟೆಗಳಲ್ಲೆಲ್ಲ ಇದನ್ನು ನೋಡಿದ್ದೇನೆ. ದಿನವಿಡೀ ನಿಲ್ಲುವ ಗಾಡಿಗಳಲ್ಲಿ ದೊಡ್ಡ ಪಾಲು ಅಂಗಡಿ ಮಾಲೀಕರದ್ದು, ಕೆಲಸದವರದ್ದು, ಮೇಲಿನ ಮಹಡಿಯ ಆಫೀಸಿನವರದ್ದು. ಇದನ್ನು ದೂರುವುದಕ್ಕೆ ಹೇಳುತ್ತಿಲ್ಲ. ಅವರಿಗೂ ಬೇರೆ ಜಾಗ ಯಾರೂ ತೋರಿಸಿಲ್ಲ. ಆದರೆ ಪಾರ್ಕಿಂಗ್ ಹೋದರೆ ಗಿರಾಕಿ ಹೋಗುತ್ತಾರೆ ಅನ್ನುವ ಮೊದಲು, ಆ ಜಾಗದಲ್ಲಿ ಈಗ ಗಿರಾಕಿ ನಿಲ್ಲಿಸುತ್ತಿದ್ದಾರಾ ಅಂತ ನೋಡಬೇಕು, ಅಲ್ವಾ?

ಅಂಗಡಿಯಲ್ಲಿ ಕೂತವರ ಅಂದಾಜು ಈ ವಿಷಯದಲ್ಲಿ ಹೆಚ್ಚಾಗಿ ತಪ್ಪುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಅಂಗಡಿ ಬೀದಿಯಲ್ಲಿ ವರ್ತಕರನ್ನು ಕೇಳಿದಾಗ, 100ರಲ್ಲಿ 41 ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಅಂದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕ ಲೆಕ್ಕ 22. ಕಾರಿನವರು ಪಾರ್ಕಿಂಗ್ ಸಿಗಲಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ, ಅದು ತಲೆಯಲ್ಲಿ ಉಳಿಯುತ್ತದೆ. ಬಸ್ಸಿಳಿದು ನಡೆದು ಬಂದ ಹೆಂಗಸು ಫುಟ್‌ಪಾತ್ ಸರಿಯಿಲ್ಲ ಎಂದು ನಿಮ್ಮ ಹತ್ತಿರ ದೂರುವುದಿಲ್ಲ. ಕಾಲು ನೋಯುತ್ತದೆ ಎಂದು ಮೊದಲು ಸಿಕ್ಕ ಅಂಗಡಿಯಲ್ಲೇ ತೆಗೆದುಕೊಂಡು ವಾಪಸ್ ಹೋಗುತ್ತಾಳೆ. ನಿಮ್ಮ ತನಕ ಬರುವುದೇ ಇಲ್ಲ. ಹಾಗಾಗಿ ಅವಳ ಲೆಕ್ಕ ನಿಮಗೆ ಸಿಗುವುದಿಲ್ಲ.

ನಮ್ಮ ಕಡೆಯದೇ ಉದಾಹರಣೆ ಬೇಕಾದರೆ ಬೆಂಗಳೂರಿನ ಚಿಕ್ಕಪೇಟೆ ನೋಡಿ. ಮದುವೆ ಜವಳಿಗೆ ರಾಜ್ಯದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಆ ಗಲ್ಲಿಗಳಲ್ಲಿ ಕಾರು ತಂದು ಅಂಗಡಿ ಬಾಗಿಲಿಗೆ ನಿಲ್ಲಿಸುವುದು ಆಗದ ಮಾತು. ಆದರೂ ವ್ಯಾಪಾರ ನಿಂತಿಲ್ಲ. ಜನ ಅರ್ಧ ದಿನ ನಡೆಯುತ್ತಾರೆ, ಹತ್ತು ಅಂಗಡಿ ಹತ್ತಿ ಇಳಿಯುತ್ತಾರೆ, ಮಧ್ಯೆ ದೋಸೆ ತಿನ್ನುತ್ತಾರೆ, ಮತ್ತೆ ನಡೆಯುತ್ತಾರೆ. 2017ರಲ್ಲಿ ಅಲ್ಲಿ ಮೆಟ್ರೊ ನಿಲ್ದಾಣ ತೆರೆದ ಮೇಲೆ ಬಂದು ಹೋಗುವುದು ಇನ್ನೂ ಸಲೀಸಾಯಿತು. ಮೈಸೂರಿನ ದೇವರಾಜ ಮಾರ್ಕೆಟ್ ಒಳಗೂ ಅಷ್ಟೇ. ಹೂವಿನ ಸಾಲು, ಕುಂಕುಮದ ಸಾಲು, ಬಾಳೆಹಣ್ಣಿನ ಸಾಲು, ಎಲ್ಲವನ್ನೂ ಕಾಲ್ನಡಿಗೆಯಲ್ಲೇ ನೋಡಬೇಕು. ನಡೆದು ವ್ಯಾಪಾರ ಮಾಡುವುದು ನಮಗೆ ಹೊರಗಿನಿಂದ ಬಂದ ಅಭ್ಯಾಸವಲ್ಲ. ಪೇಟೆ ಅನ್ನುವುದು ಹುಟ್ಟಿದ್ದೇ ಹಾಗೆ. ಗಾಡಿ ಆಮೇಲೆ ಬಂತು.

ಇನ್ನು ಅಳತೆಗೆ ಬರೋಣ. 60 ಅಡಿ ಅಂದರೆ ಸುಮಾರು 18 ಮೀಟರ್. ಈಗ ಹೇಗಿರುತ್ತದೆ ಎಂದರೆ, ಎರಡೂ ಬದಿ 2 ಮೀಟರ್ ಫುಟ್‌ಪಾತ್. ಅದರಲ್ಲಿ ಕಂಬ, ಟ್ರಾನ್ಸ್‌ಫಾರ್ಮರ್, ಮೆಟ್ಟಿಲು, ಬೋರ್ಡ್ ಕಳೆದರೆ ಕಾಲಿಡಲು ಸಿಗುವುದು ಮೊಳದಷ್ಟು. ಉಳಿದ 14 ಮೀಟರ್ ಡಾಂಬರು. ಆದರೆ ಅದು ಪೂರ್ತಿ ಓಡಾಟಕ್ಕೆ ಸಿಗುತ್ತದಾ? ಇಲ್ಲ. ಎರಡೂ ಬದಿ ನಿಂತ ಗಾಡಿಗಳು ತಲಾ ಎರಡೂವರೆ ಮೀಟರ್ ಹಿಡಿಯುತ್ತವೆ. ಉಳಿದದ್ದು 9 ಮೀಟರ್. ಅದರಲ್ಲೂ ಒಬ್ಬರು ಡಬಲ್ ಪಾರ್ಕ್ ಮಾಡಿದರೆ, ಒಂದು ಆಟೊ ಗಿರಾಕಿಗಾಗಿ ನಿಂತರೆ, ಓಡಾಟಕ್ಕೆ ಏಳು ಮೀಟರೂ ಇಲ್ಲ.

ಈಗ ಇದೇ 18 ಮೀಟರನ್ನು ಬೇರೆ ರೀತಿ ಹಂಚಿ. ನಡುವೆ 7 ಮೀಟರ್ ಓಡುವ ದಾರಿ, ಬರಲು ಮೂರೂವರೆ, ಹೋಗಲು ಮೂರೂವರೆ. ಬಸ್ಸಿಗೂ ಸಾಕು. ಎರಡೂ ಬದಿ 2 ಮೀಟರಿನ ಒಂದು ಪಟ್ಟಿ. ಆಮೇಲೆ ಎರಡೂ ಬದಿ ಮೂರೂವರೆ ಮೀಟರ್ ಫುಟ್‌ಪಾತ್. ಕೂಡಿಸಿ ನೋಡಿ, 7, 4, 7. ಹದಿನೆಂಟಕ್ಕೆ ಸರಿಹೋಯಿತು. ಒಂದು ಅಂಗಡಿಯನ್ನೂ ಒಡೆಯಬೇಕಿಲ್ಲ. ದೇಶದ ರಸ್ತೆಗಳಿಗೆ ಅಳತೆ, ಮಾನದಂಡ ಬರೆಯುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಏನು ಹೇಳುತ್ತದೆಂದರೆ, ಯಾವ ಫುಟ್‌ಪಾತಿನಲ್ಲೂ ಅಡ್ಡಿಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಗಡಿಗಳಿರುವ ಕಡೆ 2.5 ಮೀಟರ್. ಅಂದರೆ ನಿಮ್ಮ ಮೂರೂವರೆಯಲ್ಲಿ ಗೋಡೆ ಬದಿಯ ಅರ್ಧ ಮೀಟರ್ ಅಂಗಡಿ ನೋಡುತ್ತಾ ನಿಲ್ಲುವವರಿಗೆ, ರಸ್ತೆ ಬದಿಯ ಅರ್ಧ ಮೀಟರ್ ದೀಪದ ಕಂಬಕ್ಕೆ, ನಡುವಿನ ಎರಡೂವರೆ ಪೂರ್ತಿ ನಡೆಯುವವರಿಗೆ. ಎದುರುಬದುರು ಬಂದ ಎರಡು ಜೋಡಿ ಭುಜ ತಾಗದೆ ದಾಟಬಹುದು.

ಆ 2 ಮೀಟರಿನ ಪಟ್ಟಿ ಇದೆಯಲ್ಲ, ಅದೇ ನಿಮ್ಮ ಬೀದಿಯ ಹೊಟ್ಟೆಪಾಡು. ಅದನ್ನು ಪೂರ್ತಿ ಕಾರಿಗೆ ಕೊಟ್ಟರೆ ಹಳೇ ಕಥೆಯೇ. ಅಲ್ಲಿ ಮರ ಬರಬೇಕು. ಬೈಕ್ ನಿಲ್ಲಬೇಕು. ಒಂದು ಕಾರಿನ ಜಾಗದಲ್ಲಿ ಐದಾರು ಬೈಕ್ ಹಿಡಿಸುತ್ತವೆ. ಆಟೊ ನಿಲ್ದಾಣ, ಬಸ್ ತಂಗುದಾಣ, ಹೂವಿನ ಬುಟ್ಟಿಯವರು, ಎಳನೀರಿನವರು, ಎಲ್ಲರಿಗೂ ಅಲ್ಲೇ ಜಾಗ. ನಿಮ್ಮಂಥ ಅಂಗಡಿಗಳಿಗೆ ಬಹಳ ಮುಖ್ಯವಾದದ್ದು ಸಾಮಾನು ಏರಿಸುವ, ಇಳಿಸುವ ಜಾಗ. ಇದನ್ನು ಬಹಳಷ್ಟು ನಕ್ಷೆಗಳಲ್ಲಿ ಮರೆತುಬಿಡುತ್ತಾರೆ. ಪ್ರತಿ ಐವತ್ತು ಅರವತ್ತು ಮೀಟರಿಗೆ ಒಂದು ಕಡೆ, ಹತ್ತು ಹದಿನೈದು ನಿಮಿಷ ಮಾತ್ರ ನಿಲ್ಲಬಹುದಾದ ಜಾಗ ಕೇಳಿ. ಮದುವೆ ಸಾಮಾನಿನವರು ಗಾಡಿ ತಂದು, ಏರಿಸಿಕೊಂಡು ಹೋಗಲಿ. ಕಂಪನಿಯಿಂದ ಸರಕು ತರುವ ಟೆಂಪೊ ಬೆಳಿಗ್ಗೆ 9ರೊಳಗೆ ಬಂದು ಹೋಗಲಿ. ದೆಹಲಿಯ ಚಾಂದನಿ ಚೌಕದಲ್ಲಿ 2021ರಲ್ಲಿ ಹೊಸ ಬೀದಿ ಆದ ಮೇಲೆ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡುವುದಿಲ್ಲ ಎಂದು ನಿಯಮ ಮಾಡಿದರು. ಸರಕು ರಾತ್ರಿ ಇಳಿಯಬೇಕು. ನಿಮ್ಮ ಊರಿಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ ಅನ್ನಿಸುತ್ತದೆ. ಆದರೆ ಸರಕಿಗೆ ಒಂದು ಹೊತ್ತು, ಗಿರಾಕಿಗೆ ಒಂದು ಹೊತ್ತು ಅನ್ನುವ ಯೋಚನೆ ಸರಿಯಾದದ್ದು.

ಕಾರುಗಳಿಗೆ? ಐದು ನಿಮಿಷದ ನಡಿಗೆಯಲ್ಲಿ, ಅಂದರೆ 300, 400 ಮೀಟರಿನೊಳಗೆ, ಒಂದು ಪಾರ್ಕಿಂಗ್ ಜಾಗ ಕೇಳಿ. ಅದು ಬೀದಿ ಕೆಲಸ ಶುರುವಾಗುವ ಮೊದಲೇ ಸಿದ್ಧವಾಗಿರಬೇಕು. ಆಮೇಲೆ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಇದೊಂದು ವಿಷಯದಲ್ಲಿ ನಿಮ್ಮ ವರ್ತಕರ ಸಂಘದವರು ಹಟ ಹಿಡಿದರೆ ನಾನು ಅವರ ಪರ.

ಈಗ ನನಗೆ ತುಂಬಾ ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಫುಟ್‌ಪಾತಿನ ಎತ್ತರ.

ನೀವು ಎರಡು ಸಲ ಎಡವಿದ್ದೇನೆ ಎಂದು ಬರೆದಿದ್ದೀರಿ. ಯಾಕೆ ಎಡವಿದಿರಿ ಎಂದು ಹೋಗಿ ನೋಡಿ. ಹೆಚ್ಚಿನ ಪೇಟೆಗಳಲ್ಲಿ ಫುಟ್‌ಪಾತ್ ಅಂದರೆ ಚರಂಡಿ ಮೇಲೆ ಮುಚ್ಚಿದ ಚಪ್ಪಡಿ. ಒಂದು ಚಪ್ಪಡಿ ಮೇಲೆ, ಇನ್ನೊಂದು ಕೆಳಗೆ, ಮೂರನೆಯದು ಕಾಲಿಟ್ಟರೆ ಲಟಕ್ ಅನ್ನುತ್ತದೆ. ಬೈಕಿನವರು ಹತ್ತಬಾರದು ಎಂದು ಕೆಲವು ಕಡೆ ಒಂದೂವರೆ ಅಡಿ ಎತ್ತರ ಮಾಡುತ್ತಾರೆ. ಮಂಡಿ ನೋವಿರುವ ಅಜ್ಜಿ ಅದನ್ನು ಹತ್ತುವುದು ಹೇಗೆ? ಅವರು ರಸ್ತೆಯಲ್ಲೇ ನಡೆಯುತ್ತಾರೆ. ಮಾರ್ಗಸೂಚಿಯಲ್ಲಿ ಹೇಳಿರುವ ಮಿತಿ 150 ಮಿಲಿಮೀಟರ್, ಅಂದರೆ ಸುಮಾರು ಅರ್ಧ ಅಡಿ. ಅದಕ್ಕಿಂತ ಒಂದು ಬೆರಳೂ ಜಾಸ್ತಿ ಬೇಡ.

ಅದಕ್ಕಿಂತ ಮುಖ್ಯ, ಗೇಟುಗಳ ಮುಂದೆ ಏನಾಗುತ್ತದೆ ಅನ್ನುವುದು. ಈಗ ಪ್ರತಿ ಗೇಟಿಗೂ, ಪ್ರತಿ ಅಡ್ಡರಸ್ತೆಗೂ ಫುಟ್‌ಪಾತ್ ಕತ್ತರಿಸಿ ಇಳಿಸುತ್ತಾರೆ. ನಡೆಯುವವರು ಇಳಿ, ಹತ್ತು, ಇಳಿ, ಹತ್ತು. ನೂರು ಮೀಟರಿನಲ್ಲಿ ಹತ್ತು ಸಲ ಹೀಗಾದರೆ ಯಾರೂ ಅದರ ಮೇಲೆ ನಡೆಯುವುದಿಲ್ಲ. ಸರಿಯಾದ ಕ್ರಮ ಇದಕ್ಕೆ ಉಲ್ಟಾ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ನೇರ ಹೋಗಬೇಕು. ಕಾರಿಗೆ ಬೇಕಾದರೆ ಅದು ಸಣ್ಣ ಇಳಿಜಾರಿನಲ್ಲಿ ಹತ್ತಿ, ಫುಟ್‌ಪಾತ್ ದಾಟಿ, ಒಳಗೆ ಹೋಗಲಿ. ಎಂಜಿನ್ ಇರುವುದು ಕಾರಿಗೆ. ಅಡ್ಡರಸ್ತೆ ಬಾಯಲ್ಲೂ ಹೀಗೇ ಎತ್ತರಿಸಿದ ದಾಟು ಮಾಡಬಹುದು. ಗಾಡಿಗಳ ವೇಗ ತಾನಾಗಿ ಇಳಿಯುತ್ತದೆ, ಹಂಪ್ ಬೇರೆ ಬೇಕಾಗುವುದಿಲ್ಲ. ನಕ್ಷೆಯಲ್ಲಿ ಇದೊಂದು ಸರಿಯಿದ್ದರೆ ಕಲ್ಲು ಯಾವುದಾದರೂ ಬೀದಿ ಬದುಕುತ್ತದೆ. ಇದು ತಪ್ಪಿದರೆ ಎಂಥ ಕಲ್ಲು ಹಾಕಿದರೂ ಅದು ಬರೀ ಅಲಂಕಾರ.

ಬೆಂಗಳೂರಿನ ನಡುಭಾಗದಲ್ಲಿ ಇದನ್ನು ಕಾಲಿನಿಂದಲೇ ತಿಳಿಯಬಹುದು. ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ಇವೆಲ್ಲ ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ಮೊದಲ ಸುತ್ತಿಗೆ ಆದ ರಸ್ತೆಗಳು. ಅವತ್ತು ಅದರ ಖರ್ಚಿನ ಬಗ್ಗೆ ದೊಡ್ಡ ಗದ್ದಲವಾಯಿತು. ಫುಟ್‌ಪಾತ್ ಇಷ್ಟು ಅಗಲ ಯಾಕೆ, ರಸ್ತೆ ಕಿರಿದಾಯಿತು ಎಂದು ಬೈದವರೂ ಬಹಳ. ಖರ್ಚಿನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನೂರಾರು ಮೀಟರ್ ಹೋಗಬಹುದಾದ ಫುಟ್‌ಪಾತ್ ಊರಿನ ಉಳಿದ ಕಡೆ ಎಷ್ಟಿವೆ ಹೇಳಿ.

ಆ ಯೋಜನೆಯ ನಿಜವಾದ ಪಾಠ ಮೇಲಿನ ಕಲ್ಲಿನಲ್ಲಿಲ್ಲ, ನೆಲದಡಿಯಲ್ಲಿದೆ. ರಸ್ತೆ ಯಾಕೆ ಪದೇ ಪದೇ ಅಗೆಯುತ್ತಾರೆ? ನೀರಿನ ಪೈಪು ಎಲ್ಲಿದೆ, ಒಳಚರಂಡಿ ಎಲ್ಲಿದೆ, ಕೇಬಲ್ ಎಲ್ಲಿದೆ ಎಂದು ಯಾರ ಹತ್ತಿರವೂ ಸರಿಯಾದ ನಕ್ಷೆ ಇರುವುದಿಲ್ಲ. ಒಂದೊಂದು ಇಲಾಖೆಯವರು ಒಂದೊಂದು ಸಲ ಬಂದು ಹುಡುಕುತ್ತಾರೆ. ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಮೊದಲೇ ಎಲ್ಲವನ್ನೂ ಅಗೆದು, ನೀರು, ಕೊಳಚೆ, ಮಳೆನೀರು, ವಿದ್ಯುತ್, ಇಂಟರ್ನೆಟ್ ಕೇಬಲ್‌ಗಳಿಗೆ ಬೇರೆ ಬೇರೆ ಸಾಲು ಮಾಡಿ, ಹೆಚ್ಚಿನದ್ದನ್ನು ಫುಟ್‌ಪಾತ್ ಅಡಿಗೆ ತಂದರು. ಅಲ್ಲಲ್ಲಿ ಮುಚ್ಚಳ ಇಟ್ಟರು. ನಾಳೆ ಹೊಸ ಕೇಬಲ್ ಎಳೆಯಬೇಕಾದರೆ ಮುಚ್ಚಳ ತೆಗೆದು ಕೊಳವೆಯೊಳಗೆ ಎಳೆಯಬಹುದು, ರಸ್ತೆ ಅಗೆಯಬೇಕಿಲ್ಲ. ಅದಕ್ಕೇ ಹಣ ಜಾಸ್ತಿ ಬಿತ್ತು, ಅದಕ್ಕೇ ಸಮಯ ಜಾಸ್ತಿ ಹಿಡಿಯಿತು.

ಒಂದು ಊರಿನಲ್ಲಿ ನಾವು ವಿನ್ಯಾಸ ಮಾಡಿಕೊಟ್ಟ ಬೀದಿಯಲ್ಲಿ ಈ ಭಾಗವನ್ನು ಖರ್ಚು ಉಳಿಸಲು ಕೈಬಿಟ್ಟರು. ಮೇಲೆ ಚೆಂದದ ಕಲ್ಲು ಬಂತು. ಒಂದು ತಿಂಗಳಿಗೆ ಯಾರೋ ಬಂದು ಕೇಬಲ್ಲಿಗೆಂದು ಅಗೆದರು. ಕಿತ್ತ ಕಲ್ಲನ್ನು ಮಣ್ಣಿನ ಮೇಲೆ ಹಾಗೇ ಇಟ್ಟು ಹೋದರು. ಆ ದಿನ ನಾನು ಅಲ್ಲಿಗೆ ಹೋಗಿ ನಿಂತದ್ದು ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ತರುತ್ತದೆ. ಹಾಗಾಗಿ ಸಭೆಯಲ್ಲಿ ಕೇಳಿ: ನೆಲದಡಿಯ ಕೆಲಸ ಟೆಂಡರಿನಲ್ಲಿ ಇದೆಯಾ? ನೀರಿನವರು, ವಿದ್ಯುತ್ತಿನವರು, ಒಳಚರಂಡಿಯವರು ಸಭೆಗೆ ಬಂದಿದ್ದಾರಾ? ಬಂದಿಲ್ಲ ಅಂದರೆ ಅವರನ್ನು ಕರೆಸಿ ಇನ್ನೊಂದು ಸಭೆ ಮಾಡಲು ಹೇಳಿ.

ನೀರಿನ ಮಾತು ಬಂದಾಗ ಇನ್ನೊಂದು. ನಿಮ್ಮ ಅಂಗಡಿಯ ಹೊಸ್ತಿಲು ಈಗ ರಸ್ತೆಗಿಂತ ಮೇಲಿದೆಯಾ, ಕೆಳಗಿದೆಯಾ? ಹಳೇ ಪೇಟೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಮೇಲಕ್ಕೆ ಬಂದಿರುತ್ತದೆ. ನಿಮ್ಮ ಮಾವನವರ ಕಾಲದಲ್ಲಿ ಮೂರು ಮೆಟ್ಟಿಲು ಹತ್ತಬೇಕಿದ್ದ ಅಂಗಡಿಗೆ ಈಗ ಒಂದೇ ಮೆಟ್ಟಿಲು ಇರಬಹುದು. ಹೊಸ ಕೆಲಸದಲ್ಲಿ ಹಳೇ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಕಟ್ಟಿದರೆ ಮೊದಲ ದೊಡ್ಡ ಮಳೆಗೆ ನೀರು ನಿಮ್ಮ ಗೋಡೌನಿಗೆ ಬರುತ್ತದೆ. ಲೆಕ್ಕ ಹೊಸ್ತಿಲಿನಿಂದ ಶುರುವಾಗಬೇಕು. ಹೊಸ್ತಿಲಿಗಿಂತ ಫುಟ್‌ಪಾತ್ ಕೆಳಗೆ, ಫುಟ್‌ಪಾತಿಗಿಂತ ರಸ್ತೆ ಕೆಳಗೆ, ಎಲ್ಲಕ್ಕಿಂತ ಕೆಳಗೆ ಚರಂಡಿ. ಬೀದಿಯ ಪ್ರತಿ ಅಂಗಡಿಯ ಹೊಸ್ತಿಲಿನ ಮಟ್ಟ ಅಳೆದಿದ್ದೀರಾ ಎಂದು ಎಂಜಿನಿಯರನ್ನು ಕೇಳಿ. ಅಳೆದಿಲ್ಲ ಅಂದರೆ ನಕ್ಷೆ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ.

ಕಲ್ಲಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಬೆಂಗಳೂರಿನ ಎಂ.ಜಿ. ರಸ್ತೆಯ ಪಕ್ಕದಲ್ಲೇ ಹೋಗುವ ಚರ್ಚ್ ಸ್ಟ್ರೀಟ್ ನೋಡಿದ್ದೀರಾ? ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು. 2017ರ ಆರಂಭದಲ್ಲಿ ಅಗೆದು, 2018ರ ಮಾರ್ಚ್‌ನಲ್ಲಿ ತೆರೆದರು. ಡಾಂಬರು ತೆಗೆದು ಪೂರ್ತಿ ಕಲ್ಲು ಹಾಸಿದರು. ಪುಸ್ತಕದಂಗಡಿಗಳು, ಕಾಫಿ ಹೋಟೆಲು, ಸಂಜೆ ಹೊತ್ತು ಹಾಡುವ ಹುಡುಗರು, ಬೀದಿ ಒಂದು ಮನೆಯಂಗಳದಂತಾಯಿತು. ಅಲ್ಲಿಗೆ ಹೋದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆದರೆ ಗಾಡಿಗಳು ಓಡುವ ಕಡೆ ಕಲ್ಲುಗಳು ಸಡಿಲಾದವು, ಕಿತ್ತವು, ತೇಪೆ ಬಿತ್ತು. ಸಣ್ಣ ಕಲ್ಲುಗಳ ಮೇಲೆ ಲಾರಿ, ಕಾರು ಓಡಬೇಕಾದರೆ ಕೆಳಗಿನ ಕಾಂಕ್ರೀಟ್ ಹಾಸು, ಸಂದಿಯ ಗಾರೆ, ಅಂಚಿನ ಹಿಡಿತ ಎಲ್ಲವೂ ಬಿಗಿ ಇರಬೇಕು. ಜೊತೆಗೆ ಕಿತ್ತ ಕಲ್ಲನ್ನು ವಾರದೊಳಗೆ ಮತ್ತೆ ಕೂರಿಸುವ ಕೈ ಇರಬೇಕು. ಒಂದು ಕಲ್ಲು ಹೋದರೆ ಪಕ್ಕದ ನಾಲ್ಕು ಕಲ್ಲು ಹಿಂದೆಯೇ ಹೊರಡುತ್ತವೆ. ನಿಮ್ಮ ಬೀದಿಯಲ್ಲಿ ಬಸ್ ಓಡುವುದಾದರೆ ನಡುವಿನ 7 ಮೀಟರಿಗೆ ಡಾಂಬರು ಅಥವಾ ಕಾಂಕ್ರೀಟ್ ಇರಲಿ, ಕಲ್ಲು ಫುಟ್‌ಪಾತಿಗೆ ಮಾತ್ರ ಸಾಕು ಅನ್ನುವುದು ನನ್ನ ಸಲಹೆ. ಫುಟ್‌ಪಾತಿನ ಕಲ್ಲೂ ಒರಟು ಮೈಯದ್ದಾಗಿರಲಿ. ಪಾಲಿಶ್ ಹಾಕಿದ ಗ್ರಾನೈಟ್ ಮಳೆಗಾಲದಲ್ಲಿ ಜಾರುತ್ತದೆ, ಏಪ್ರಿಲ್‌ನಲ್ಲಿ ಕಾವಲಿಯಂತೆ ಕಾಯುತ್ತದೆ. ಅದಕ್ಕೇ ಮರ ಬೇಕು ಅಂದದ್ದು. ಇರುವ ಮರಗಳ ಬುಡಕ್ಕೆ ಸಿಮೆಂಟ್ ಸುರಿಯದೆ ಕನಿಷ್ಠ ಒಂದು ಮೀಟರ್ ಚೌಕ ಮಣ್ಣು ಬಿಡಲು ಹೇಳಿ.

ಕಣ್ಣು ಕಾಣದವರಿಗೆಂದು ಹಾಕುವ ಹಳದಿ ಟೈಲ್ ಕೂಡ ಗಮನಿಸಿ. ಉದ್ದ ಗೀರಿನದು ನೇರ ನಡೆಯಿರಿ ಎನ್ನುತ್ತದೆ, ಚುಕ್ಕೆಯದು ನಿಲ್ಲಿ, ಮುಂದೆ ಏನೋ ಇದೆ ಎನ್ನುತ್ತದೆ. ಆ ಸಾಲು ನೇರ ಹೋಗಿ ಕಂಬಕ್ಕೆ ಡಿಕ್ಕಿ ಹೊಡೆಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಊರಿನಲ್ಲಿ ಕಂಡಿದ್ದೇನೆ. ನಂಬಿ ಹೆಜ್ಜೆ ಇಡುವವರಿಗೆ ಅದು ದ್ರೋಹ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸರಿಯಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಅದು ಅಂಗವಿಕಲರೂ ಬಳಸುವಂತಿರಬೇಕು ಎಂದೂ ಹೇಳಿದೆ. ಸಭೆಯಲ್ಲಿ ಬೇಕಾದರೆ ಈ ಮಾತು ಎತ್ತಿ.

ಕೆಲಸ ನಡೆಯುವ ಕಾಲದ ಕಷ್ಟವನ್ನು ನಾನು ಮುಚ್ಚಿಡುವುದಿಲ್ಲ. ನಿಜವಾದ ನಷ್ಟ ಆಗುವುದು ಪಾರ್ಕಿಂಗ್ ಹೋದದ್ದರಿಂದ ಅಲ್ಲ, ಅಗೆದು ಬಿಟ್ಟ ತಿಂಗಳುಗಳಿಂದ. ಚರ್ಚ್ ಸ್ಟ್ರೀಟಿನಂಥ ಪುಟ್ಟ ಬೀದಿಗೇ ಒಂದು ವರ್ಷ ಹಿಡಿಯಿತು. ಅಂಗಡಿ ಮುಂದೆ ಆಳದ ಗುಂಡಿ, ಧೂಳು, ಹಲಗೆ ಮೇಲೆ ನಡೆದು ಬರಬೇಕಾದ ಗಿರಾಕಿ. ಸಣ್ಣ ಅಂಗಡಿಯವರಿಗೆ ಒಂದು ದೀಪಾವಳಿ ಕೈತಪ್ಪಿದರೆ ವರ್ಷವೇ ಕೈತಪ್ಪಿದಂತೆ. ಆದ್ದರಿಂದ ಇಡೀ ಬೀದಿ ಒಟ್ಟಿಗೆ ಅಗೆಯುವುದಕ್ಕೆ ಒಪ್ಪಬೇಡಿ. ನೂರು ಮೀಟರ್ ತುಂಡುಗಳಾಗಿ, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ. ಮೊದಲ ತುಂಡು ಮುಗಿಯದೆ ಮೂರನೆಯದನ್ನು ಮುಟ್ಟಬಾರದು. ಪ್ರತಿ ಅಂಗಡಿಗೂ ಕೈಹಿಡಿ ಇರುವ ಗಟ್ಟಿ ಹಲಗೆ ದಾರಿ. ನಿಮ್ಮ ವ್ಯಾಪಾರಕ್ಕೆ ಧನ ತ್ರಯೋದಶಿ, ಅಕ್ಷಯ ತೃತೀಯ, ಮದುವೆ ಸೀಸನ್ ಮುಖ್ಯ. ಪಕ್ಕದ ಜವಳಿಯವರಿಗೆ ಯುಗಾದಿ, ವರಮಹಾಲಕ್ಷ್ಮಿ. ಆ ದಿನಗಳಲ್ಲಿ ಅಗೆಯುವಂತಿಲ್ಲ ಎಂದು ಟೆಂಡರಿನಲ್ಲೇ ಬರೆಸಿ. ಬಾಯಿಮಾತಿನ ಭರವಸೆ ಗುತ್ತಿಗೆದಾರರನ್ನು ಕಟ್ಟಿಹಾಕುವುದಿಲ್ಲ.

ಫುಟ್‌ಪಾತ್ ಮೇಲೆ ಮಾರುವವರನ್ನು ಎತ್ತಂಗಡಿ ಮಾಡಿಸುವ ಮಾತು ಸಂಘದಲ್ಲಿ ಬಂದೇ ಬರುತ್ತದೆ. ದಯವಿಟ್ಟು ಅದಕ್ಕೆ ಸೇರಬೇಡಿ. ಬೆಂಗಳೂರಿನ ಗಾಂಧಿ ಬಜಾರಿನಿಂದ ಹೂವಿನವರನ್ನೂ ಹಣ್ಣಿನವರನ್ನೂ ತೆಗೆದುಬಿಟ್ಟರೆ ಅಲ್ಲಿಗೆ ಹಬ್ಬದ ಹಿಂದಿನ ದಿನ ಯಾರು ಹೋಗುತ್ತಾರೆ? ಹೂವಿಗೆ ಬಂದವರು ಪಾತ್ರೆಯನ್ನೂ ನೋಡುತ್ತಾರೆ. ಕಾನೂನೂ ಅವರ ಪರ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಅದೇ ಕಾಯ್ದೆ ಪ್ರಕಾರ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಜಗಳ ಅವರ ಜೊತೆ ಅಲ್ಲ. ಎರಡು ಮೀಟರಿನ ಆ ಪಟ್ಟಿಯಲ್ಲಿ ಅವರಿಗೆ ಗುರುತು ಹಾಕಿದ ಜಾಗ ಸಿಕ್ಕರೆ ನಡೆಯುವ ದಾರಿಯೂ ಬಿಡುವಾಗುತ್ತದೆ.

ಅಂಗಡಿ ನಿಮ್ಮ ಸ್ವಂತದ್ದಾ, ಬಾಡಿಗೆಯದ್ದಾ ಎಂದು ನೀವು ಬರೆದಿಲ್ಲ. ಬಾಡಿಗೆಯದ್ದಾದರೆ ಒಂದು ಎಚ್ಚರಿಕೆ. ಬೀದಿ ಚೆನ್ನಾದ ಮೇಲೆ ಬಾಡಿಗೆ ಏರುತ್ತದೆ. ದೊಡ್ಡ ಬ್ರ್ಯಾಂಡಿನವರು ಕೇಳಿಕೊಂಡು ಬರುತ್ತಾರೆ. ಕೆಲಸ ಶುರುವಾಗುವ ಮೊದಲೇ ಕರಾರನ್ನು ಕೆಲವು ವರ್ಷಕ್ಕೆ ನವೀಕರಿಸಿಕೊಳ್ಳಿ. ಸ್ವಂತದ್ದಾದರೆ, ಹಳೇ ಕಟ್ಟಡ ಕೆಡವಿ ಕೆಳಗೆ ಪಾರ್ಕಿಂಗ್, ಮೇಲೆ ಮಳಿಗೆ ಕಟ್ಟೋಣ ಎಂದು ಯಾರಾದರೂ ಬಂದಾಗ ಯೋಚಿಸಿ. ನೆಲದ ಮಟ್ಟದಲ್ಲಿ ಅಂಗಡಿಗಳು ಬಿಟ್ಟು ಕಾರುಗಳು ಬಂದರೆ ಆ ತುಂಡು ಬೀದಿ ಕತ್ತಲಾಗುತ್ತದೆ. ಸಂಜೆ ಹೊತ್ತು ಹೆಂಗಸರು ಅಲ್ಲಿ ಎದುರು ಬದಿಗೆ ದಾಟಿಬಿಡುತ್ತಾರೆ. ಫುಟ್‌ಪಾತ್ ಎಷ್ಟು ಅಗಲ ಇದ್ದರೂ ಪಕ್ಕದಲ್ಲಿ ದೀಪ ಹಚ್ಚಿದ ಅಂಗಡಿ, ಕೂತ ಮನುಷ್ಯರು ಇಲ್ಲದಿದ್ದರೆ ನಡೆಯಲು ಮನಸ್ಸು ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಸಂಘದವರು ನಂಬದಿದ್ದರೆ ಅದು ತಪ್ಪಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1962ರಲ್ಲಿ ಪೇಟೆ ನಡುವಿನ ಬೀದಿಗೆ ಕಾರು ಬಿಡುವುದನ್ನು ನಿಲ್ಲಿಸಿದಾಗ ಅಲ್ಲಿನ ವರ್ತಕರೂ ಹೀಗೇ ವಿರೋಧಿಸಿದ್ದರು. ಇಲ್ಲಿನ ಚಳಿಯಲ್ಲಿ ಯಾರು ನಡೆಯುತ್ತಾರೆ, ಇದೇನು ಇಟಲಿಯಾ ಅಂದಿದ್ದರು. ಅದನ್ನು ಮೊದಲು ಪ್ರಯೋಗವಾಗಿ ಮಾಡಿದರು. ಗೆದ್ದ ಮೇಲೆ ಕಾಯಂ ಮಾಡಿದರು. ಚೆನ್ನೈನ ಪಾಂಡಿ ಬಜಾರಿನಲ್ಲೂ ಕಟ್ಟುವ ಮೊದಲು ಬ್ಯಾರಿಕೇಡ್ ಇಟ್ಟು, ಕೆಲವು ದಿನ ಬೀದಿಯನ್ನು ನಡೆಯುವವರಿಗೆ ಬಿಟ್ಟು ನೋಡಿದರು. ಹೊಸ ಬೀದಿ 2019ರ ನವೆಂಬರ್‌ನಲ್ಲಿ ತೆರೆಯಿತು. ಚರ್ಚ್ ಸ್ಟ್ರೀಟಿನಲ್ಲೂ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿ ಬಿಡದೆ ನೋಡಿದ್ದರು. ನಿಮ್ಮ ಪಾಲಿಕೆಗೂ ಇದನ್ನೇ ಕೇಳಿ. ಬಣ್ಣ, ಹೂಕುಂಡ, ಬ್ಯಾರಿಕೇಡ್ ಸಾಕು. ನಾಲ್ಕು ಶನಿವಾರ, ನಾಲ್ಕು ಭಾನುವಾರ. ನಿಮ್ಮ ಬಿಲ್ ಪುಸ್ತಕವೇ ಉತ್ತರ ಹೇಳುತ್ತದೆ. ಸರಿಬರಲಿಲ್ಲ ಅಂದರೆ ನಕ್ಷೆ ತಿದ್ದಬಹುದು. ಕಲ್ಲು ಹಾಕಿದ ಮೇಲೆ ತಿದ್ದುವುದು ಕಷ್ಟ.

ಸಭೆಗೆ ಇನ್ನೂ ಒಂದು ತಿಂಗಳಿದೆ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಅಂಗಡಿಯ ಹುಡುಗನಿಗೆ ಒಂದು ನೋಟ್‌ಬುಕ್ ಕೊಡಿ. ಒಂದು ವಾರ, ಬಿಲ್ ಮಾಡುವಾಗ ಪ್ರತಿ ಗಿರಾಕಿಯನ್ನೂ ನೀವು ಹೇಗೆ ಬಂದಿರಿ ಎಂದು ಕೇಳಿ, ಬಸ್, ನಡಿಗೆ, ಬೈಕ್, ಆಟೊ, ಕಾರು, ಮುಂದೆ ಬಿಲ್ ಮೊತ್ತ ಬರೆಯಲಿ. ಶನಿವಾರ ಸಂಜೆ 5ರಿಂದ 8ರವರೆಗೆ ನಿಮ್ಮ ಅಂಗಡಿ ಮುಂದೆ ಎಷ್ಟು ಜನ ನಡೆದು ಹೋದರು, ಎಷ್ಟು ಕಾರು ಬಂದು ನಿಂತವು, ಎಷ್ಟು ಕಾರು ಬೆಳಿಗ್ಗೆಯಿಂದ ಅಲ್ಲೇ ಇವೆ, ಅದನ್ನೂ ಎಣಿಸಿ. ಪಕ್ಕದ ನಾಲ್ಕೈದು ಅಂಗಡಿಯವರೂ ಮಾಡಿದರೆ ಇನ್ನೂ ಒಳ್ಳೆಯದು. ಆ ಹಾಳೆಗಳನ್ನು ಸಭೆಗೆ ತೆಗೆದುಕೊಂಡು ಹೋಗಿ. ಅಲ್ಲಿ ಮೊದಲ ಪ್ರಶ್ನೆ ಪಾರ್ಕಿಂಗಿನದ್ದು ಬೇಡ, ಹೊಸ್ತಿಲಿನದ್ದು ಇರಲಿ. ಅದಕ್ಕೆ ಉತ್ತರ ಹೇಳಬೇಕಾದರೆ ಎಂಜಿನಿಯರ್ ಬಣ್ಣದ ಚಿತ್ರ ಬದಿಗಿಟ್ಟು ಅಳತೆಯ ನಕ್ಷೆಯನ್ನೇ ತೆರೆಯಬೇಕಾಗುತ್ತದೆ.